ಹಾಡಿನಲ್ಲಿ ಅರ್ಧ, ಪುಸ್ತಕದಲ್ಲಿ ಒಂದು ‘ಪ’

ಮಾರ್ಸಿಯಾ ಗ್ರಿಫಿತ್ಸ್ ಅನ್ನೋ ಹೆಸರು ನಿಮಗೆ ಗೊತ್ತಿರಲಿಕ್ಕಿಲ್ಲ. ದನಿ ಮಾತ್ರ ಗೊತ್ತಿದೆ. ಇಂದಿರಾನಗರದ ಕೆಫೆಯಲ್ಲೋ ಗೋಕರ್ಣದ ಬೀಚಿನಲ್ಲೋ ಬಾಬ್ ಮಾರ್ಲಿ ಹಾಡು ಕಿವಿಗೆ ಬಿದ್ದವರೆಲ್ಲ ಆ ದನಿಯನ್ನು ಕೇಳಿದ್ದಾರೆ. ಮಾರ್ಲಿ ಒಂದು ಸಾಲು ಹೇಳಿ ಬಿಟ್ಟಾಗ ಹಿಂದಿನಿಂದ ಮೂವರು ಹೆಂಗಸರು ಅದನ್ನು ಎತ್ತಿಕೊಳ್ಳುತ್ತಾರಲ್ಲ, ಅವರಲ್ಲಿ ಒಬ್ಬಾಕೆ ಈಕೆ. ಇನ್ನಿಬ್ಬರು ರೀಟಾ ಮಾರ್ಲಿ ಮತ್ತು ಜೂಡಿ ಮೊವಾಟ್. ಮೂವರಿಗೂ ಸೇರಿ ‘ಐ-ತ್ರೀಸ್’ ಅಂತ ಹೆಸರು. ರಾಸ್ತಾಫಾರಿ ಜನರ ಮಾತಿನಲ್ಲಿ ‘ನಾವು ಮೂವರು’ ಎನ್ನುವುದನ್ನು ಹೇಳೋ ರೀತಿ ಅದು.

ಒಂದು ಸಣ್ಣ ಪರೀಕ್ಷೆ ಮಾಡಿ ನೋಡಿ. ಮಾರ್ಲಿಯ ಯಾವುದಾದರೂ ಹಾಡನ್ನು ಈಗಲೇ ಗುನುಗಿ. ಬಾಯಿಗೆ ಬರೋದು ಚರಣವಲ್ಲ, ಪಲ್ಲವಿ. ಜಮೈಕಾದ ಇಂಗ್ಲಿಷಿನ ಚರಣಗಳು ನಮಗೆ ಅಷ್ಟು ಸುಲಭವಾಗಿ ದಕ್ಕೋದಿಲ್ಲ. ಪಲ್ಲವಿಯನ್ನು ಸಾಲು ಬಿಡದೆ ಹಿಡಿದುಕೊಂಡಿದ್ದವರು ಈ ಮೂವರು. ಅಂದರೆ ಮಾರ್ಲಿ ಹಾಡು ಅಂತ ನಾವು ಹಾಡಿಕೊಳ್ಳೋದರಲ್ಲಿ ಅರ್ಧಕ್ಕರ್ಧ ಐ-ತ್ರೀಸ್ ಪಾಲು. ಟೀ ಶರ್ಟ್ ಮೇಲೆ ಅವರ ಮುಖ ಇಲ್ಲ, ಅಷ್ಟೇ.

ಹಿಂದೆ ನಿಂತು ಹಾಡೋರ ಬಗ್ಗೆ ಬರೆಯೋರು ಸಾಮಾನ್ಯವಾಗಿ ಎರಡು ದಾರಿಯಲ್ಲಿ ಒಂದನ್ನು ಹಿಡಿಯುತ್ತಾರೆ. ಮೊದಲನೆಯದು ಅಯ್ಯೋ ಪಾಪದ ದಾರಿ. 2013ರಲ್ಲಿ ಬಂದು ಆಸ್ಕರ್ ಗೆದ್ದ ‘ಟ್ವೆಂಟಿ ಫೀಟ್ ಫ್ರಮ್ ಸ್ಟಾರ್‌ಡಮ್’ ಎಂಬ ಸಾಕ್ಷ್ಯಚಿತ್ರ ಈ ಜಾತಿಯ ಒಳ್ಳೆಯ ಮಾದರಿ. ಅಮೆರಿಕದ ಹಿಮ್ಮೇಳ ಗಾಯಕಿಯರನ್ನು ಅದು ಪ್ರೀತಿಯಿಂದ ಮಾತಾಡಿಸುತ್ತದೆ. ರೋಲಿಂಗ್ ಸ್ಟೋನ್ಸ್ ತಂಡದ ಹಾಡಿಗೆ ದನಿ ಕೊಟ್ಟ ಮೆರಿ ಕ್ಲೇಟನ್ ಬಗ್ಗೆ ಬರೋ ಭಾಗವನ್ನು ನಾನು ಎಷ್ಟೋ ಸಲ ನೋಡಿದ್ದೇನೆ. ಆದರೆ ಸಿನಿಮಾದ ಹೆಸರೇ ಅದರ ಅಳತೆಗೋಲು: ತಾರಾಪಟ್ಟಕ್ಕೆ ಇನ್ನು ಇಪ್ಪತ್ತು ಅಡಿ ಬಾಕಿ ಇತ್ತು, ತಲುಪಲಿಲ್ಲ. ಹಾಡು ಇರೋದು ಮುಂದೆ, ಇವರು ಅಲ್ಲಿಗೆ ಹೋಗಲಾಗದೆ ಉಳಿದವರು ಅನ್ನೋ ಲೆಕ್ಕ.

ಎರಡನೆಯದು ಹೊಗಳಿಕೆಯ ದಾರಿ. ‘ಇವರೇ ಸಂಗೀತದ ಬೆನ್ನೆಲುಬು’ ಎಂದು ಹೇಳಿ ಚಪ್ಪಾಳೆ ತಟ್ಟಿ ಮುಗಿಸೋದು. ಬೆನ್ನೆಲುಬು ಅಂತ ಕರೆಸಿಕೊಂಡವರಿಗೆ ಅದರಿಂದ ನಾಲ್ಕು ಕಾಸು ಹೆಚ್ಚು ಸಿಕ್ಕಿದ್ದನ್ನು ನಾನಂತೂ ಕಂಡಿಲ್ಲ, ರೈತನನ್ನೂ ಸೇರಿಸಿ.

ಎರಡೂ ದಾರಿಯಲ್ಲಿ ಯಾರೂ ಮಾಡದ ಕೆಲಸ ಒಂದಿದೆ. ಹಿಂದಿನವರು ಹಾಡಿನೊಳಗೆ ಏನು ಮಾಡುತ್ತಿದ್ದಾರೆ ಅಂತ ಕಿವಿಗೊಟ್ಟು ಕೇಳೋದು. ಅದನ್ನು ಕೇಳಲಿಕ್ಕೆ ನನಗೆ ದಾರಿ ತೋರಿಸಿದ್ದು ರೆಗೆ ಪುಸ್ತಕಗಳಲ್ಲ, ನಮ್ಮ ಕಡೆಯ ಭಜನಿ ಮ್ಯಾಳ.

ನನ್ನೂರು ಸೈದಾಪುರ. ಯಾದಗಿರಿಯಿಂದ ರಾಯಚೂರಿಗೆ ಹೋಗೋ ರೈಲುದಾರಿಯಲ್ಲಿ ಬರೋ ಸ್ಟೇಷನ್ನು. ಪೂರ್ವಕ್ಕೆ ತುಸು ದೂರ ಹೋದರೆ ತೆಲಂಗಾಣ. ಈ ಸೀಮೆ ತತ್ವಪದದ ಸೀಮೆ. ಕಡಕೋಳದ ಮಡಿವಾಳಪ್ಪ, ಅವನ ಶಿಷ್ಯಬಳಗದ ಚನ್ನೂರ ಜಲಾಲಸಾಬ, ಖೈನೂರ ಕೃಷ್ಣಪ್ಪ, ತೆಲುಗಬಾಳ ರೇವಪ್ಪ ಇವರ ಪದಗಳನ್ನು ಅಮಾವಾಸ್ಯೆ ರಾತ್ರಿ, ಜಾತ್ರೆಯ ರಾತ್ರಿ, ಯಾರಾದರೂ ತೀರಿಕೊಂಡ ಮನೆಯಲ್ಲಿ ಬೆಳಗಿನ ತನಕ ಹಾಡುತ್ತಾರೆ. ಒಂದು ಏಕತಾರಿ, ತಾಳ, ದಮ್ಮಡಿ, ಅನುಕೂಲ ಇದ್ದರೆ ಹಾರ್ಮೋನಿಯಂ, ತಬಲಾ. ಒಬ್ಬ ಸಾಲು ಹೇಳುತ್ತಾನೆ, ಉಳಿದವರು ಅದನ್ನೇ ತಿರುಗಿ ಹೇಳುತ್ತಾರೆ. ಹೊರಗಿನಿಂದ ನೋಡಿದರೆ ಹಿಂದಿನವರದು ಬರೀ ಹೇಳಿದ್ದನ್ನು ಹೇಳೋ ಕೆಲಸ.

ಒಂದು ರಾತ್ರಿ ಪೂರ್ತಿ ಕೂತರೆ ಬೇರೆ ಕಾಣುತ್ತದೆ. ಮುಂದಿನವನಿಗೆ ಉಸಿರು ತಗೊಳ್ಳಲಿಕ್ಕೆ ಜಾಗ ಸಿಗೋದೇ ಹಿಮ್ಮೇಳ ಹಾಡುವಾಗ. ಮುಂದಿನ ನುಡಿ ಯಾವುದು ಅಂತ ಅವನು ನೆನಪು ಮಾಡಿಕೊಳ್ಳೋದೂ ಆಗಲೇ. ಅವನು ಭಾವಕ್ಕೆ ಬಿದ್ದು ಎಲ್ಲೋ ಮೇಲಕ್ಕೆ ಹೋಗಿ ಶ್ರುತಿ ಜಾರಿಸಿದರೆ, ಹಿಂದಿನವರು ಪಲ್ಲವಿ ಹಿಡಿದು ಅವನನ್ನು ವಾಪಸ್ ತಂದು ಕೂರಿಸುತ್ತಾರೆ. ಲಯ ಓಡುತ್ತಿದ್ದರೆ ತಾಳದಲ್ಲಿ ಬಿಗಿ ಹಿಡಿಯೋರೂ ಅವರೇ. ಕೂತ ಜನಕ್ಕೆ ಎಲ್ಲಿ ದನಿಗೂಡಿಸಬೇಕು ಅಂತ ಗೊತ್ತಾಗೋದು ಅವರನ್ನು ನೋಡಿ. ಮತ್ತೆ ಒಂದೇ ಪಲ್ಲವಿ ಹತ್ತನೇ ಸಲ ಬರೋ ಹೊತ್ತಿಗೆ ಅದೇ ಪಲ್ಲವಿಯಾಗಿ ಉಳಿದಿರೋದಿಲ್ಲ. ನಡುವೆ ಬಂದ ನುಡಿಗಳ ಅರ್ಥವನ್ನೆಲ್ಲ ಹೀರಿಕೊಂಡು ಭಾರವಾಗಿರುತ್ತದೆ. ಮೊದಲ ಸಲ ಒಗಟಿನಂತೆ ಕೇಳಿದ ಸಾಲು ಕೊನೆಗೆ ಬಿಡಿಸಿದ ಒಗಟಿನಂತೆ ಕೇಳುತ್ತದೆ. ತತ್ವಪದದಲ್ಲಿ ತತ್ವ ಹೇಳೋನು ಮುಂದಿನವನು, ಅದನ್ನು ಒಪ್ಪಿಸಿ ಮನಸ್ಸಿಗೆ ಇಳಿಸೋದು ಹಿಮ್ಮೇಳ.

ಇನ್ನೊಂದು ವಿಷಯ. ಮ್ಯಾಳದಲ್ಲಿ ಮುಂದಿನವನು ರಾತ್ರಿಯಿಡೀ ಅವನೇ ಇರೋದಿಲ್ಲ. ಎರಡು ಪದ ಹಾಡಿದವನು ಮೂರನೆಯದಕ್ಕೆ ಹಿಂದೆ ಸರಿದು ತಾಳ ಹಿಡಿಯುತ್ತಾನೆ, ತಾಳ ಹಿಡಿದಿದ್ದವನು ಏಕತಾರಿ ತಗೊಳ್ಳುತ್ತಾನೆ. ‘ಈಗ ನೀ ಹೇಳಪಾ, ನಾ ಹಿಡೀತೀನಿ’ ಅಂದರೆ ಮುಗೀತು. ‘ಹೇಳೋದು’ ಮತ್ತು ‘ಹಿಡಿಯೋದು’ ಎರಡು ಕೆಲಸಗಳು, ಎರಡು ಅಂತಸ್ತುಗಳಲ್ಲ.

ಕನ್ನಡದಲ್ಲಿ ಹಿಮ್ಮೇಳಕ್ಕೆ ಇದ್ದ ಗೌರವವನ್ನು ಅಳೆಯಲಿಕ್ಕೆ ಇನ್ನೂ ಎರಡು ಕಡೆ ನೋಡಬಹುದು. ಯಕ್ಷಗಾನದಲ್ಲಿ ಭಾಗವತರು ಹಿಮ್ಮೇಳದವರು, ಆದರೆ ‘ಭಾಗವತನೇ ಮೊದಲ ವೇಷ’ ಅನ್ನೋ ಮಾತಿದೆ. ಆಟ ನಡೆಯೋದು ಅವರ ಕೈಯಲ್ಲಿ. ನಮ್ಮ ಉತ್ತರದ ಗೀಗೀ ಪದದಲ್ಲಂತೂ ಇನ್ನೂ ಚೆಂದ. ಮುಂದಿನವರ ಕೈಯಲ್ಲಿ ಡಪ್ಪು, ಹಿಂದಿನವರ ಕೈಯಲ್ಲಿ ತುಂತುಣಿ ಮತ್ತು ತಾಳ. ಕಥೆ, ವಾದ, ಸವಾಲು ಎಲ್ಲ ಮುಂದಿನವರದು. ನುಡಿ ಮುಗಿದಾಗ ಹಿಮ್ಮೇಳ ‘ಗೀಯ ಗಾ’ ಅಂತ ಎತ್ತುತ್ತದೆ. ಇಡೀ ಪ್ರಕಾರಕ್ಕೆ ಹೆಸರು ಬಂದದ್ದು ಆ ಗೀ ಗೀ ಇಂದ! ಹರದೇಶಿ ನಾಗೇಶಿ ಅಂತ ಗಂಡು ಹೆಚ್ಚೋ ಹೆಣ್ಣು ಹೆಚ್ಚೋ ಎಂದು ರಾತ್ರಿಯಿಡೀ ಜಗಳಾಡೋ ಕಲೆಗೆ ಅದರ ವಾದದ ಹೆಸರಾಗಲಿ ವಾದಿಯ ಹೆಸರಾಗಲಿ ನಿಲ್ಲಲಿಲ್ಲ, ಹಿಂದಿನವರ ಅರ್ಥವಿಲ್ಲದ ಎರಡಕ್ಷರ ನಿಂತಿತು. ಅಂಥ ಭಾಷೆಯಲ್ಲೇ ಈಗ ‘ಹಿಮ್ಮೇಳ’ ಅಂದರೆ ಸಾಹೇಬರು ಹೇಳಿದ್ದಕ್ಕೆಲ್ಲ ಹೂಂಗುಟ್ಟೋರು ಅಂತ ಅರ್ಥ ಆಗಿದೆ.

ಈ ಕಿವಿ ಇಟ್ಟುಕೊಂಡು ಮಾರ್ಸಿಯಾ ಗ್ರಿಫಿತ್ಸ್ ಕಡೆ ಹೋಗೋಣ.

1949ರಲ್ಲಿ ಕಿಂಗ್‌ಸ್ಟನ್‌ನಲ್ಲಿ ಹುಟ್ಟಿದ ಮಾರ್ಸಿಯಾ 1964ರಲ್ಲಿ, ಹದಿಹರೆಯದಲ್ಲೇ, ಬೈರನ್ ಲೀ ತಂಡದ ಜೊತೆ ವೇದಿಕೆ ಹತ್ತಿದಳು. ಕಾಕ್ಸನ್ ಡಾಡ್‌ನ ಸ್ಟುಡಿಯೋ ಒನ್‌ಗೆ ಹಾಡಿದ ‘ಫೀಲ್ ಲೈಕ್ ಜಂಪಿಂಗ್’ 1968ರದ್ದು. 1970ರಲ್ಲಿ ಬಾಬ್ ಆ್ಯಂಡಿ ಎಂಬ ಗಾಯಕನ ಜೊತೆಗೂಡಿ ನೀನಾ ಸಿಮೋನ್‌ಳ ‘ಯಂಗ್, ಗಿಫ್ಟೆಡ್ ಅಂಡ್ ಬ್ಲ್ಯಾಕ್’ ಹಾಡನ್ನು ರೆಗೆಗೆ ತಂದಳು. ಬ್ರಿಟನ್ನಿನ ಪಟ್ಟಿಯಲ್ಲಿ ಅದು 5ನೇ ಸ್ಥಾನಕ್ಕೆ ಹೋಯಿತು. ಗಮನಿಸಿ, ಇಷ್ಟು ಹೊತ್ತಿಗೆ ಬಾಬ್ ಮಾರ್ಲಿಯನ್ನು ಜಮೈಕಾದ ಹೊರಗೆ ಕೇಳೋರು ಬಹಳ ಕಡಿಮೆ. ಮಾರ್ಸಿಯಾ ಆಗಲೇ ಹೆಸರು ಮಾಡಿದ್ದಳು.

ಐ-ತ್ರೀಸ್ ಹುಟ್ಟಿದ ಕಥೆಯೂ ಇದಕ್ಕೆ ತಕ್ಕಂತೆಯೇ ಇದೆ. ಕಿಂಗ್‌ಸ್ಟನ್‌ನ ಒಂದು ಕ್ಲಬ್ಬಿನಲ್ಲಿ ಮಾರ್ಸಿಯಾಳದೇ ಕಾರ್ಯಕ್ರಮ ಇತ್ತು. ತನ್ನ ಹಿಂದೆ ಹಾಡಲಿಕ್ಕೆ ಆಕೆ ರೀಟಾ ಮತ್ತು ಜೂಡಿಯನ್ನು ಕರೆದಳು. ಮೂರು ದನಿ ಕೂಡಿಕೊಂಡವು. ಆಮೇಲೆ ಮಾರ್ಲಿ ಮೂವರನ್ನೂ ತನ್ನ ತಂಡಕ್ಕೆ ಕರೆದ. ರೀಟಾ ಅರವತ್ತರ ದಶಕದಲ್ಲಿ ‘ಸೋಲೆಟ್ಸ್’ ತಂಡದಲ್ಲಿ, ಜೂಡಿ ‘ಗೇಲೆಟ್ಸ್’ ತಂಡದಲ್ಲಿ ಹಾಡಿದವರು. ಮುಂದೆ ನಿಂತು ಗೊತ್ತಿದ್ದ ಮೂವರು ಗೊತ್ತಿದ್ದೇ ಹಿಂದೆ ಹೋದರು. ಇಪ್ಪತ್ತು ಅಡಿಯ ಲೆಕ್ಕಕ್ಕೆ ಇದು ಹೊಂದೋದೇ ಇಲ್ಲ.

ಅವರು ಬಂದದ್ದು ಖಾಲಿಯಾದ ಜಾಗಕ್ಕೆ. ‘ವೇಯ್ಲರ್ಸ್’ ಅಂದರೆ ಮೊದಲು ಬಾಬ್ ಮಾರ್ಲಿ, ಪೀಟರ್ ಟಾಷ್, ಬನ್ನಿ ವೇಯ್ಲರ್ ಮೂವರ ತಂಡ. ಅಮೆರಿಕದ ಇಂಪ್ರೆಶನ್ಸ್ ತಂಡದ ಹಾದಿಯಲ್ಲಿ ಮೂರು ಗಂಡು ದನಿಗಳು ಒಂದರೊಳಗೊಂದು ಸೇರಿ ಹಾಡುತ್ತಿದ್ದವು. ಯಾರು ಮುಂದೆ ಯಾರು ಹಿಂದೆ ಅನ್ನೋದು ಹಾಡಿನಿಂದ ಹಾಡಿಗೆ ಬದಲಾಗುತ್ತಿತ್ತು, ನಮ್ಮ ಮ್ಯಾಳದ ಹಾಗೆ. ಪೀಟರ್ ಮತ್ತು ಬನ್ನಿ ಬಿಟ್ಟುಹೋದ ಮೇಲೆ ಬಂದ ಮೊದಲ ಆಲ್ಬಂ 1974ರ ‘ನ್ಯಾಟಿ ಡ್ರೆಡ್’. ಅದನ್ನೂ ಅದಕ್ಕೆ ಹಿಂದಿನ ‘ಬರ್ನಿಂಗ್’ ಅನ್ನೂ ಒಂದರ ಹಿಂದೆ ಒಂದು ಕೇಳಿದರೆ ವ್ಯತ್ಯಾಸ ಥಟ್ಟನೆ ಗೊತ್ತಾಗುತ್ತದೆ. ಮೊದಲಿನದರಲ್ಲಿ ಮೂವರು ಗೆಳೆಯರು ಒಂದೇ ಸಿಟ್ಟನ್ನು ಹಂಚಿಕೊಂಡು ಹಾಡುತ್ತಿದ್ದಾರೆ. ಎರಡನೆಯದರಲ್ಲಿ ಒಬ್ಬ ಮಾತಾಡುತ್ತಿದ್ದಾನೆ, ಅವನಿಗೆ ಎದುರಾಗಿ ಇನ್ನೊಂದು ದನಿ ಇದೆ. ಆ ದನಿ ಸಮಾಧಾನ ಮಾಡುತ್ತದೆ, ಎಚ್ಚರಿಸುತ್ತದೆ, ಒಮ್ಮೊಮ್ಮೆ ಅವನು ಹೇಳಿದ್ದನ್ನು ಇಡೀ ಓಣಿಯ ಪರವಾಗಿ ಒಪ್ಪುತ್ತದೆ. ಹಾಡು ಒಬ್ಬನ ಭಾಷಣವಾಗದೆ ಒಂದು ಸಭೆಯಾಗುತ್ತದೆ. ಮಾರ್ಲಿಯನ್ನು ಜಗತ್ತು ಪ್ರವಾದಿಯ ಹಾಗೆ ಕೇಳಿತು ಅಂತಾರೆ. ಪ್ರವಾದಿಗೆ ಎದುರಿಗೆ ಕೇಳೋ ಜನ ಬೇಕಲ್ಲ? ಆ ಜನವನ್ನು ರೆಕಾರ್ಡಿನೊಳಗೇ ಕೂರಿಸಿದವರು ಐ-ತ್ರೀಸ್.

ಎಪ್ಪತ್ತರ ದಶಕದ ಕಾರ್ಯಕ್ರಮಗಳ ವಿಡಿಯೋ ನೋಡಿದರೆ ಭಜನಿ ಮ್ಯಾಳದ ಕೆಲಸವೆಲ್ಲ ಅಲ್ಲಿ ಕಾಣುತ್ತದೆ. ಮಾರ್ಲಿ ಸಾಲನ್ನು ಅರ್ಧಕ್ಕೆ ಬಿಟ್ಟು ಕಣ್ಣುಮುಚ್ಚಿ ಕುಣಿಯಲಿಕ್ಕೆ ಹತ್ತುತ್ತಾನೆ, ಮೂವರು ಉಳಿದರ್ಧ ಮುಗಿಸುತ್ತಾರೆ. ಅವನು ಎಷ್ಟು ಹೊತ್ತು ಬೇಕಾದರೂ ಕುಣಿಯಬಹುದು, ಹಾಡು ಎಲ್ಲೂ ಹೋಗೋದಿಲ್ಲ. ಮೂವರ ದನಿಯಲ್ಲೂ ಹೆಚ್ಚು ಕಂಪನ ಇಲ್ಲ, ಅಲಂಕಾರ ಇಲ್ಲ, ಅಂಚು ನೇರ. ಯಾವ ದನಿ ಯಾರದು ಅಂತ ತಕ್ಷಣಕ್ಕೆ ಹೇಳಲಾಗದಷ್ಟು ಬೆರೆತಿರುತ್ತವೆ. ಮಾರ್ಸಿಯಾಳ ಒಂಟಿ ಹಾಡುಗಳನ್ನು ಕೇಳಿ ಬಂದು ಇದನ್ನು ಕೇಳಿದರೆ, ಆಕೆ ಎಷ್ಟು ಬಿಟ್ಟುಕೊಟ್ಟು ಹಾಡುತ್ತಿದ್ದಾಳೆ ಅಂತ ಗೊತ್ತಾಗುತ್ತದೆ. ತನ್ನ ದನಿಯ ಮಿಂಚು ಇನ್ನಿಬ್ಬರ ದನಿಯನ್ನು ಮಂಕು ಮಾಡಬಾರದು ಅಂತ ಅದನ್ನು ತಾನೇ ತಗ್ಗಿಸಿಕೊಳ್ಳೋದು ಒಂದು ಸ್ವತಂತ್ರ ವಿದ್ಯೆ. ಒಳ್ಳೆಯ ಸೋಲೋ ಗಾಯಕರಲ್ಲಿ ಎಷ್ಟೋ ಜನಕ್ಕೆ ಅದು ಬರೋದಿಲ್ಲ.

ಇಲ್ಲಿಯವರೆಗಿನದು ಸಂಗೀತದ ಲೆಕ್ಕ. ಹೆಸರಿನ ಲೆಕ್ಕ ಬೇರೆ.

ಮ್ಯಾಳದಲ್ಲಿ ಜಾಗ ಬದಲಾಗುತ್ತೆ ಅಂದೆನಲ್ಲ, ರೆಕಾರ್ಡ್ ಕಂಪನಿಯಲ್ಲಿ ಬದಲಾಗೋದಿಲ್ಲ. ಪೀಟರ್ ಮತ್ತು ಬನ್ನಿ ಹೋದ ಮೇಲೆ ತಂಡದ ಹೆಸರು ‘ಬಾಬ್ ಮಾರ್ಲಿ ಅಂಡ್ ದ ವೇಯ್ಲರ್ಸ್’ ಆಯಿತು. ಮುಂದೆ ಒಬ್ಬನೇ, ಹಿಂದೆ ಉಳಿದವರು ಅನ್ನೋದು ಕವರಿನ ಮೇಲೆ ಅಚ್ಚಾಯಿತು. ಅಚ್ಚಾದದ್ದಕ್ಕೇ ದುಡ್ಡು. ಈ ಮಾತಿಗೆ ಒಂದು ಉದಾಹರಣೆ ಮಾರ್ಲಿಯ ಬದುಕಿನಲ್ಲೇ ಇದೆ. ‘ನೋ ವುಮನ್, ನೋ ಕ್ರೈ’ ಹಾಡಿನ ಕರ್ತೃವಿನ ಜಾಗದಲ್ಲಿರೋ ಹೆಸರು ವಿನ್ಸೆಂಟ್ ಫೋರ್ಡ್. ಕಿಂಗ್‌ಸ್ಟನ್‌ನ ಟ್ರೆಂಚ್‌ಟೌನ್ ಕೇರಿಯಲ್ಲಿ ಹಸಿದವರಿಗೆ ಅಡುಗೆ ಮಾಡಿ ಹಾಕುತ್ತಿದ್ದ, ಮಾರ್ಲಿಯ ಹಳೆಯ ಗೆಳೆಯ. ಹಾಡು ಬರೆದದ್ದು ಮಾರ್ಲಿಯೇ, ಗೆಳೆಯನ ಜೀವನಕ್ಕೆ ಆಧಾರವಾಗಲಿ ಅಂತ ಹೆಸರು ಬಿಟ್ಟುಕೊಟ್ಟ ಅಂತ ಬಹಳ ಜನ ನಂಬುತ್ತಾರೆ. ಯಾರು ಬರೆದರೋ ಬಿಡಿ, ಒಂದು ಹೆಸರು ಒಂದು ಸಾಲಿನಲ್ಲಿ ಕೂತರೆ ಅದರಿಂದ ವರ್ಷಾನುಗಟ್ಟಲೆ ಅನ್ನ ಹುಟ್ಟುತ್ತೆ ಅನ್ನೋದು ಎಲ್ಲರಿಗೂ ಗೊತ್ತಿದ್ದ ಸತ್ಯ. ಅದೇ ಹಾಡನ್ನು ಹಿಡಿದು ನಿಲ್ಲಿಸಿದ ದನಿಗಳಿಗೆ ಅಂಥ ಸಾಲು ಇಲ್ಲ.

ಇದನ್ನು ಜಮೈಕಾದ ಅಥವಾ ಗೋರಾ ಕಂಪನಿಗಳ ಪಾಪ ಅಂತ ಹೇಳಿ ಕೈತೊಳೆದುಕೊಳ್ಳೋ ಹಾಗಿಲ್ಲ. ನಮ್ಮಲ್ಲೇನಿದೆ ನೋಡೋಣ.

ತತ್ವಪದಕಾರರಿಗೆ ಅಂಕಿತ ಇದೆ. ಕೊನೆಯ ನುಡಿಯಲ್ಲಿ ಕವಿ ತನ್ನ ಅಥವಾ ಗುರುವಿನ ಹೆಸರು ಕೂರಿಸುತ್ತಾನೆ. ಮಡಿವಾಳಪ್ಪ ತೀರಿಕೊಂಡು ಒಂದೂವರೆ ಶತಮಾನದ ಮೇಲಾಯಿತು. ಓದು ಬರಹ ಇಲ್ಲದ ಬಾಯಿಗಳಲ್ಲಿ ಯಾವ ಪದ ಯಾರದು ಅಂತ ಇಂದಿಗೂ ಗೊತ್ತಿದ್ದರೆ ಅದಕ್ಕೆ ಕಾರಣ ಆ ಅಂಕಿತ, ಮತ್ತು ಆ ಅಂಕಿತವನ್ನು ಪ್ರತಿ ರಾತ್ರಿ ಎತ್ತಿ ಎತ್ತಿ ಹೇಳಿದ ಹಿಮ್ಮೇಳ. ಕವಿಯ ಹೆಸರನ್ನು ಕಾಪಾಡಿದವರು ಇವರು. ಇವರ ಹೆಸರನ್ನು ಕಾಪಾಡೋ ಅಂಕಿತ ಯಾವುದೂ ಇಲ್ಲ.

ಆಮೇಲೆ ವಿದ್ವಾಂಸರು ಬಂದರು, ಪದಗಳನ್ನು ಕಲೆಹಾಕಿ ಅಚ್ಚು ಹಾಕಿಸಿದರು. ಬಹಳ ದೊಡ್ಡ ಕೆಲಸ, ಅದರ ಋಣ ನನ್ನ ಮೇಲೂ ಇದೆ. ಆದರೆ ಯಾವ ಸಂಕಲನವನ್ನಾದರೂ ತೆರೆದು ಪಲ್ಲವಿ ಇರೋ ಕಡೆ ನೋಡಿ. ಮೊದಲ ಸಾಲಿನ ಕೊನೆಗೆ ಎರಡು ಗೆರೆಯ ನಡುವೆ ಒಂದು ‘ಪ’. ಅಷ್ಟೇ. ಆಮೇಲೆ ಒಂದು, ಎರಡು, ಮೂರು ಅಂತ ನುಡಿಗಳು ಸಾಲಾಗಿ ಇಳಿಯುತ್ತವೆ. ರಾತ್ರಿಯ ಹಾಡಿಕೆಯಲ್ಲಿ ಪ್ರತಿ ನುಡಿಯ ನಡುವೆ ಎರಡು ಸಲ, ನಾಲ್ಕು ಸಲ, ಜನಕ್ಕೆ ಹುಕಿ ಬಂದರೆ ಎಂಟು ಸಲ ತಿರುಗಿ ಬಂದ ಪಲ್ಲವಿ, ಪುಟದ ಮೇಲೆ ಒಂದೇ ಒಂದು ಸಲ ಬಂದು ಒಂದು ಅಕ್ಷರವಾಗಿ ಮಡಚಿಕೊಂಡಿದೆ. ಹಾಡಿನ ಹೊತ್ತನ್ನು ಗಡಿಯಾರ ಹಿಡಿದು ಅಳೆದರೆ ಅರ್ಧ ಹಿಮ್ಮೇಳದ್ದು. ಪುಸ್ತಕದಲ್ಲಿ ಅದು ಕಾಗದ ಉಳಿಸೋ ಚಿಹ್ನೆ. ಈ ಪುಸ್ತಕಗಳನ್ನು ಓದಿಯೇ ನಾವು ತತ್ವಪದದ ವಿಮರ್ಶೆ ಬರೆಯೋದು. ಹಾಗಾಗಿ ನಮ್ಮ ವಿಮರ್ಶೆಯೂ ಮುಂದಿನವನ ಮಾತಿನ ವಿಮರ್ಶೆ ಮಾತ್ರ. ಅಲ್ಲಿ ಗುರು ಇದ್ದಾನೆ, ಶೂನ್ಯ ಇದೆ, ಬೆಡಗು ಇದೆ, ಹಾಡಿಕೆ ಇಲ್ಲ.

ಬಳ್ಳಾರಿ ಸೀಮೆಯ ದರೋಜಿ ಈರಮ್ಮನನ್ನೇ ತಗೊಳ್ಳಿ. ‘ಬುರ್ರಕಥಾ ಈರಮ್ಮ’ ಅಂತಲೇ ಹೆಸರಾದಾಕೆ. ಅಕ್ಷರ ಕಲಿಯದೆ ಹತ್ತಾರು ಕಾವ್ಯಗಳನ್ನು ಬಾಯಲ್ಲಿಟ್ಟುಕೊಂಡಿದ್ದ ಆ ತಾಯಿಗೆ ಹಂಪಿ ವಿಶ್ವವಿದ್ಯಾಲಯ ನಾಡೋಜ ಗೌರವ ಕೊಟ್ಟಿತು. 2014ರಲ್ಲಿ ತೀರಿಕೊಂಡಾಗ ಪತ್ರಿಕೆಗಳು ಬರೆದವು. ಸಲ್ಲಬೇಕಾದ ಗೌರವವೇ, ಅದರಲ್ಲಿ ಎರಡು ಮಾತಿಲ್ಲ. ಆದರೆ ಬುರ್ರಕಥೆ ಅನ್ನೋದು ಒಬ್ಬರು ಮಾಡೋ ಕಲೆಯೇ ಅಲ್ಲ. ತಂಬೂರಿ ಹಿಡಿದು ನಡುವೆ ನಿಂತವರು ಕಥೆ ಹೇಳುತ್ತಾರೆ. ಅಕ್ಕಪಕ್ಕ ಗುಮ್ಮಟೆ ಬಾರಿಸೋ ಇಬ್ಬರು ದನಿಗೂಡಿಸುತ್ತಾರೆ, ನಡುವೆ ಬಾಯಿ ಹಾಕಿ ‘ಯಾಕ? ಆಮ್ಯಾಲೇನಾತು?’ ಅಂತ ಕೇಳುತ್ತಾರೆ, ನಗಿಸುತ್ತಾರೆ, ಊರ ರಾಜಕೀಯವನ್ನು ಕಥೆಯೊಳಗೆ ಎಳೆದು ತರುತ್ತಾರೆ. ಕೇಳೋರು ಯಾರೂ ಇಲ್ಲದೆ ಕಥೆ ಮುಂದೆ ಹೋಗೋದು ಹೇಗೆ? ಈರಮ್ಮನ ಪಕ್ಕದಲ್ಲಿ ನಿಂತು ಹಾಡಿದವರು ಆಕೆಯ ಮನೆಯ ಹೆಣ್ಣುಮಕ್ಕಳೇ. ಈರಮ್ಮನ ಹೆಸರು ಕೇಳಿದವರನ್ನು ನಿಲ್ಲಿಸಿ ಅವರ ಹೆಸರೇನು ಅಂತ ಕೇಳಿ ನೋಡಿ.

ಸಿನಿಮಾದಲ್ಲಿ ಇದು ಇನ್ನೂ ವಿಚಿತ್ರ. ಕನ್ನಡದಲ್ಲಿ ‘ಹಿನ್ನೆಲೆ ಗಾಯಕ’ ಅಂದರೆ ಹಾಡಿನ ಮುಖ್ಯ ಗಾಯಕ! ಪಿ.ಬಿ. ಶ್ರೀನಿವಾಸ್, ಎಸ್. ಜಾನಕಿ ಎಲ್ಲರೂ ಹಿನ್ನೆಲೆಯವರೇ. ಮುಂದೆ ತುಟಿ ಆಡಿಸೋ ಶರೀರ ಬೇರೆಯವರದು. ಹಿಂದೆ ನಿಂತವರನ್ನು ತಾರೆಯರನ್ನಾಗಿ ಮಾಡಿದ ಅಪರೂಪದ ಉದ್ಯಮ ಅದು. ಆ ಹಿನ್ನೆಲೆಗೂ ಹಿಂದೆ ಇರೋರು ಕೋರಸ್. ಹಳೆಯ ಹಾಡುಗಳಲ್ಲಿ ಸುಗ್ಗಿಯ ಹೆಂಗಸರು, ಜಾತ್ರೆಯ ಜನ, ದೇವಸ್ಥಾನದ ಭಕ್ತರು ಎಲ್ಲ ಅವರೇ. ಟೈಟಲ್ ಕಾರ್ಡಿನಲ್ಲಿ ಅವರಿಗೆ ಸಾಮಾನ್ಯವಾಗಿ ‘ಮತ್ತು ಸಂಗಡಿಗರು’ ಎಂಬ ಜಾಗ, ಅದೂ ಇದ್ದರೆ.

ಸಂಗಡಿಗರು ಅನ್ನೋ ಪದ ಕೇಳಲಿಕ್ಕೆ ಆತ್ಮೀಯವಾಗಿದೆ. ಕಾನೂನಿನಲ್ಲಿ ಅದರ ಬೆಲೆ ಏನು ಗೊತ್ತೇ? 2012ರಲ್ಲಿ ಭಾರತದ ಕೃತಿಸ್ವಾಮ್ಯ ಕಾಯ್ದೆಗೆ ತಿದ್ದುಪಡಿ ಬಂತು. ಹಾಡುಗಾರರಿಗೂ ರಾಯಲ್ಟಿ ಹಕ್ಕು ಸಿಕ್ಕಿತು ಅಂತ ನಾವೆಲ್ಲ ಸಂಭ್ರಮಪಟ್ಟೆವು. ಅದೇ ಕಾಯ್ದೆಯಲ್ಲಿ ‘ಪ್ರದರ್ಶಕ’ ಅಂದರೆ ಯಾರು ಅನ್ನೋ ವ್ಯಾಖ್ಯೆಯ ಕೆಳಗೆ ಒಂದು ಷರತ್ತು ಇದೆ. ಸಿನಿಮಾದಲ್ಲಿ ಯಾರ ಪಾತ್ರ ಪ್ರಾಸಂಗಿಕವೋ, ಮತ್ತು ಉದ್ಯಮದ ರೂಢಿಯಂತೆ ಯಾರ ಹೆಸರನ್ನು ಎಲ್ಲೂ ಹಾಕೋದಿಲ್ಲವೋ, ಅಂಥವರನ್ನು ಪ್ರದರ್ಶಕರು ಅಂತ ಪರಿಗಣಿಸಬೇಕಿಲ್ಲ. ಅವರಿಗೆ ಉಳಿಯೋದು ಒಂದೇ: ಹಾಡಿಕೆಯನ್ನು ವಿರೂಪ ಮಾಡಿದರೆ ಆಕ್ಷೇಪಿಸೋ ಹಕ್ಕು. ಇನ್ನೊಮ್ಮೆ ಓದಿ. ಹೆಸರು ಹಾಕದೇ ಇರೋ ಅಭ್ಯಾಸವೇ ಹಕ್ಕು ಕೊಡದಿರಲಿಕ್ಕೆ ಒಂದು ಕಾರಣ. ಕೋರಸ್ ಹಾಡಿದವಳು ನ್ಯಾಯ ಕೇಳಲಿಕ್ಕೆ ಹೋದರೆ ಮೊದಲು ತನ್ನ ದನಿ ‘ಪ್ರಾಸಂಗಿಕ’ ಅಲ್ಲ ಅಂತ ಸಾಬೀತು ಮಾಡಬೇಕು. ಸಂಗೀತದ ಬಗ್ಗೆ ಬರೆಯೋ ನನ್ನಂಥವರು ಅಷ್ಟು ವರ್ಷ ಹಿಮ್ಮೇಳವನ್ನು ಪ್ರಾಸಂಗಿಕ ಅಂತಲೇ ಬರೆದಿದ್ದರೆ ಆಕೆ ಯಾವ ಪುಸ್ತಕ ತೋರಿಸಬೇಕು? ವಿಮರ್ಶೆಯಿಂದ ಯಾರಿಗೆ ಏನು ಅನ್ನೋರಿಗೆ ನನ್ನ ಉತ್ತರ ಇದು.

ಮತ್ತೆ ಜಮೈಕಾಕ್ಕೆ. 1981ರ ಮೇ ತಿಂಗಳಲ್ಲಿ ಮಾರ್ಲಿ ತೀರಿಕೊಂಡ. ಅಲ್ಲಿಂದ ಸಂಗೀತವೂ ಬೇರೆ ದಿಕ್ಕಿಗೆ ಹೊರಳಿತು. ಡ್ಯಾನ್ಸ್‌ಹಾಲ್ ಬಂತು. ಅದರ ನಡುವೆ ನಿಂತವನು ‘ಡೀಜೇ’, ಅಂದರೆ ನಮ್ಮ ಮದುವೆ ಡಿಜೆ ಅಲ್ಲ, ತಾಳದ ಮೇಲೆ ಲಯಬದ್ಧವಾಗಿ ಮಾತು ಪೋಣಿಸೋನು. ಆ ತಾಳ ಮತ್ತು ಬೇಸ್ ಕೂಡಿದ ಹಂದರಕ್ಕೆ ‘ರಿಡಿಮ್’ ಅಂತಾರೆ. ಒಂದೇ ರಿಡಿಮ್ ಮೇಲೆ ಹತ್ತು ಜನ ಹತ್ತು ಹಾಡು ಕಟ್ಟುತ್ತಾರೆ. ನಮ್ಮವರಿಗೆ ಇದು ಹೊಸದಲ್ಲ. ಒಂದೇ ಧಾಟಿಗೆ ಹತ್ತು ಪದ ಕೂರಿಸೋದು ನಮ್ಮ ಭಜನಿ ಮ್ಯಾಳಗಳಿಗೂ ನೀರು ಕುಡಿದ ಹಾಗೆ. 1985ರಲ್ಲಿ ಕ್ಯಾಸಿಯೋದ ಒಂದು ಸಣ್ಣ ಕೀಬೋರ್ಡಿನಲ್ಲಿ ಮೊದಲೇ ತುಂಬಿಟ್ಟಿದ್ದ ತಾಳವನ್ನು ತಗೊಂಡು ಕಿಂಗ್ ಜ್ಯಾಮಿಯ ಸ್ಟುಡಿಯೋದಲ್ಲಿ ವೇಯ್ನ್ ಸ್ಮಿತ್ ಹಾಡಿದ ‘ಅಂಡರ್ ಮಿ ಸ್ಲೆಂಗ್ ಟೆಂಗ್’ ಬಂದ ಮೇಲೆ ಬ್ಯಾಂಡೇ ಬೇಕಾಗಿಲ್ಲ ಅನ್ನೋ ಪರಿಸ್ಥಿತಿ. ಬ್ಯಾಂಡೇ ಬೇಡ ಅಂದಮೇಲೆ ಮೂವರ ಹಿಮ್ಮೇಳ ಯಾರಿಗೆ ಬೇಕು?

ಇದೂ ನಮ್ಮಲ್ಲಿ ಈಗ ನಡೀತಿರೋದೇ. ಉತ್ತರ ಕರ್ನಾಟಕದ ‘ಜಾನಪದ ಸಾಂಗ್’ ಅಂತ ಯೂಟ್ಯೂಬಿನಲ್ಲಿ ಲಕ್ಷಗಟ್ಟಲೆ ಜನ ಕೇಳೋ ಹಾಡುಗಳನ್ನು ಗಮನವಿಟ್ಟು ಕೇಳಿ. ಕೀಬೋರ್ಡು, ರಿದಮ್ ಪ್ಯಾಡು, ಒಬ್ಬ ಗಾಯಕ. ಪಲ್ಲವಿಯಲ್ಲಿ ಹಿಂದೆ ನಾಲ್ಕು ಜನ ಹಾಡಿದ ಹಾಗೆ ಕೇಳಿಸ್ತದೆ. ಎಷ್ಟೋ ಸಲ ಅದು ಅವನದೇ ದನಿ, ಒಂದರ ಮೇಲೊಂದು ನಾಲ್ಕು ಪದರ ಹಾಕಿದ್ದು. ನಾನು ಹಳೆಯದೇ ಚೆಂದ ಅನ್ನೋ ಗುಂಪಿನವನಲ್ಲ. ಆ ಹಾಡುಗಳಲ್ಲಿ ಕೆಲವು ನನಗೂ ಇಷ್ಟ, ಬಸ್ಸಿನಲ್ಲಿ ಹಾಕಿದರೆ ಕಾಲು ಸುಮ್ಮನಿರೋದಿಲ್ಲ. ಖರ್ಚು ಉಳಿಯೋದೂ ನಿಜ. ಆದರೆ ಒಬ್ಬನೇ ತನ್ನ ಮಾತಿಗೆ ತಾನೇ ಹೌದೌದು ಅಂತ ನಾಲ್ಕು ಸಲ ಹೇಳಿಕೊಂಡರೆ ಅದು ಹಿಮ್ಮೇಳ ಆಗೋದಿಲ್ಲ. ಹಿಮ್ಮೇಳದಲ್ಲಿ ಇನ್ನೊಬ್ಬರ ಉಸಿರು, ಇನ್ನೊಬ್ಬರ ತುಸು ಹಿಂದೆ ಬಿದ್ದ ಲಯ, ಇನ್ನೊಬ್ಬರ ಒಪ್ಪಿಗೆ ಇರಬೇಕು. ಯಾದಗಿರಿ ಹತ್ತಿರದ ಮೈಲಾಪುರ ಮಲ್ಲಯ್ಯನ ಜಾತ್ರೆಯಲ್ಲಿ ಸಂಕ್ರಾಂತಿಯ ದಿನ ಒಬ್ಬ ‘ಏಳುಕೋಟಿ’ ಅಂದರೆ ಗುಡ್ಡವೇ ತಿರುಗಿ ಹೇಳಿದ ಹಾಗೆ ಜನ ಹೇಳುತ್ತಾರೆ. ಆ ದನಿಗೆ ಮೈ ಜುಂ ಅನ್ನೋದು ಅದರಲ್ಲಿ ಒಂದೇ ಥರದ ಎರಡು ಗಂಟಲು ಇಲ್ಲ ಅನ್ನೋ ಕಾರಣಕ್ಕೆ.

ಇಷ್ಟೆಲ್ಲ ಬದಲಾದರೂ ಮಾರ್ಸಿಯಾ ಮೂಲೆ ಸೇರಲಿಲ್ಲ. ಮೂವರೂ ಸೇರಲಿಲ್ಲ. 1980ರ ಹೊತ್ತಿಗೆ ಜೂಡಿ ಮೊವಾಟ್ ತಾನೇ ನಿರ್ಮಿಸಿದ ‘ಬ್ಲ್ಯಾಕ್ ವುಮನ್’ ಆಲ್ಬಂ ತಂದಿದ್ದಳು. ರೆಗೆಯ ಶ್ರೇಷ್ಠ ಆಲ್ಬಂಗಳಲ್ಲಿ ಒಂದು ಅದು. ರೆಗೆ ವಿಭಾಗದ ಗ್ರ್ಯಾಮಿಗೆ ನಾಮನಿರ್ದೇಶನಗೊಂಡ ಮೊದಲ ಹೆಣ್ಣುಮಗಳೂ ಮುಂದೆ ಆಕೆಯೇ ಆದಳು. ಮಾರ್ಸಿಯಾ ತೊಂಬತ್ತರ ದಶಕದಲ್ಲಿ ಡೊನೊವನ್ ಜರ್ಮೇನ್‌ನ ಪೆಂಟ್‌ಹೌಸ್ ಸ್ಟುಡಿಯೋಕ್ಕೆ ಹೋಗಿ, ತನಗಿಂತ ಎಷ್ಟೋ ಚಿಕ್ಕವರಾದ ಡ್ಯಾನ್ಸ್‌ಹಾಲ್ ಡೀಜೇಗಳ ಜೊತೆ ಹಾಡಿದಳು. ಆ ಹಾಡುಗಳಲ್ಲಿ ನನಗೆ ಕುತೂಹಲ ಹುಟ್ಟಿಸೋದು ಪಾತ್ರ ಹೇಗೆ ತಿರುಗಿದೆ ಅನ್ನೋದು. ಮಾತಿನ ಮಳೆ ಸುರಿಸೋನು ಡೀಜೇ, ಪಲ್ಲವಿ ಹಿಡಿದು ನಿಂತಾಕೆ ಮಾರ್ಸಿಯಾ. ಕೆಲಸ ಹಳೆಯದೇ, ‘ಹಿಡಿಯೋ’ ಕೆಲಸ. ಆದರೆ ಈಗ ಕವರಿನ ಮೇಲೆ ಆಕೆಯ ಹೆಸರಿದೆ.

ಆಕೆಯ ಅತಿ ದೊಡ್ಡ ಹಿಟ್ ಯಾವುದು ಗೊತ್ತೇ? 1983ರಲ್ಲಿ ಮೊದಲು ಬಂದು, 1989ರಲ್ಲಿ ಮತ್ತೆ ಬಂದಾಗ ಅಮೆರಿಕದ ಬಿಲ್‌ಬೋರ್ಡ್ ಪಟ್ಟಿಯಲ್ಲಿ 51ನೇ ಸ್ಥಾನ ಮುಟ್ಟಿದ ‘ಎಲೆಕ್ಟ್ರಿಕ್ ಬೂಗಿ’. ಬರೆದವನು ಬನ್ನಿ ವೇಯ್ಲರ್. ಯಾವ ಬನ್ನಿ ಬಿಟ್ಟುಹೋದ ಜಾಗದಲ್ಲಿ ಆಕೆ ಹಿಮ್ಮೇಳಕ್ಕೆ ನಿಂತಿದ್ದಳೋ ಅದೇ ಬನ್ನಿ. ಮಾರ್ಲಿಯ ಪಕ್ಕದಲ್ಲಿ ಒಂದು ಕಾಲಕ್ಕೆ ದನಿಗೂಡಿಸಿದವನು, ಆಮೇಲೆ ದನಿಗೂಡಿಸಿದವಳಿಗೆ ಒಂದು ಹಾಡು ಕೊಟ್ಟ. ಅಮೆರಿಕದ ಮದುವೆಮನೆಗಳಲ್ಲಿ ಅಜ್ಜಿ ಮೊಮ್ಮಕ್ಕಳೆಲ್ಲ ಸಾಲಾಗಿ ನಿಂತು ಅದಕ್ಕೆ ಕುಣಿಯುತ್ತಾರೆ. ಕುಣಿತಕ್ಕೆ ‘ಎಲೆಕ್ಟ್ರಿಕ್ ಸ್ಲೈಡ್’ ಅಂತ ಹೆಸರಿದೆ. ಹಾಡಿದಾಕೆಯ ಹೆಸರು ಕೇಳಿದರೆ ಅವರಲ್ಲೂ ಬಹಳ ಜನಕ್ಕೆ ಗೊತ್ತಿಲ್ಲ. ಹಿಂದೆ ನಿಂತಾಗ ಹಾಡು ಮಾರ್ಲಿಯದಾಯಿತು, ಮುಂದೆ ನಿಂತಾಗ ಕುಣಿತದ್ದಾಯಿತು.

ಹಾಗಾದರೆ ಇದು ಸೋತ ಬದುಕೇ? ಆರು ದಶಕಗಳ ಈ ದಾರಿಯನ್ನು ಒಟ್ಟಿಗೆ ಇಟ್ಟು ನೋಡಿದರೆ ನನಗೆ ಹಾಗೆ ಅನ್ನಿಸೋದಿಲ್ಲ. ಮುಂದೆ, ಜೋಡಿಯಾಗಿ, ಹಿಂದೆ, ಮತ್ತೆ ಮುಂದೆ, ಮತ್ತೆ ಯಾರದೋ ಪಕ್ಕದಲ್ಲಿ. ನಮ್ಮ ಆಫೀಸುಗಳ ಭಾಷೆಯಲ್ಲಿ ಮುಂದೆ ಹೋದರೆ ಬಡ್ತಿ, ಹಿಂದೆ ಬಂದರೆ ಹಿಂಬಡ್ತಿ. ಮಾರ್ಸಿಯಾ ಹಾಡಿದ್ದು ಆ ಏಣಿಯ ಲೆಕ್ಕದಲ್ಲಲ್ಲ, ಮ್ಯಾಳದ ಲೆಕ್ಕದಲ್ಲಿ. ಹಾಡಿಗೆ ಹೇಳೋರು ಬೇಕಾದಾಗ ಹೇಳಿದಳು, ಹಿಡಿಯೋರು ಬೇಕಾದಾಗ ಹಿಡಿದಳು. ಸೋತದ್ದೇನಾದರೂ ಇದ್ದರೆ ಹಿಡಿಯೋ ಕೆಲಸಕ್ಕೆ ಹೆಸರನ್ನೂ ದುಡ್ಡನ್ನೂ ಸರಿಯಾಗಿ ಕೊಡಲಾಗದ ನಮ್ಮ ಲೆಕ್ಕಪುಸ್ತಕ.

ಅದನ್ನು ತಿದ್ದೋದು ಅಂಥ ಕಷ್ಟದ ಕೆಲಸವೂ ಅಲ್ಲ. ಆಲ್ಬಂ ವಿಮರ್ಶೆ ಬರೆಯೋರು ಹಿಮ್ಮೇಳದ ಹೆಸರು ಹುಡುಕಿ ಬರೆಯಬಹುದು. ಯೂಟ್ಯೂಬಿಗೆ ಭಜನೆ ಏರಿಸೋ ಮ್ಯಾಳದ ಹುಡುಗರು ಹಾಡಿನ ಕೆಳಗೆ ‘ಮತ್ತು ಸಂಗಡಿಗರು’ ಅನ್ನೋ ಬದಲು ತಾಳ ಹಿಡಿದವನ ಹೆಸರನ್ನೂ ಟೈಪ್ ಮಾಡಬಹುದು. ತತ್ವಪದಗಳ ಮುಂದಿನ ಸಂಕಲನ ತರೋರು ಒಂದೇ ಒಂದು ಪದವನ್ನಾದರೂ ಹಾಡಿದ ಹಾಗೆ, ಪಲ್ಲವಿ ಎಷ್ಟು ಸಲ ಬಂತೋ ಅಷ್ಟು ಸಲ ಪೂರ್ತಿ ಅಚ್ಚು ಹಾಕಿ, ಕೆಳಗೆ ಹಿಡಿದವರ ಹೆಸರು ಕೊಡಲಿ. ನಾಲ್ಕು ಪುಟ ಹೆಚ್ಚಾಗಬಹುದು. ಆ ನಾಲ್ಕು ಪುಟ ಖಾಲಿ ಕಾಣಿಸಿದರೆ, ನಾವು ಇಷ್ಟು ದಿನ ಓದಿದ್ದು ಅರ್ಧ ಹಾಡನ್ನು ಅಂತ ತಿಳಿಯಬೇಕು.